ಕಾಡಿನ ತರಗೆಲೆ, ಕಂದು ಹಾಕಿದ ಆಕಳು, ಇಳಿಯದ ಜ್ವರ

ಮುಚ್ಚಿಗೆ ಬಗ್ಗೆ ಬರೆದ ಲೇಖನ ಓದಿ ಕಲಘಟಗಿ ತಾಲೂಕಿನ ರೈತರೊಬ್ಬರು ಫೋನ್ ಮಾಡಿದ್ದರು. ಅವರ ಹೊಲ ಕಾಡಿನ ಅಂಚಿಗೇ ಇದೆ, ಮಾವಿನ ಗಿಡ ಹಚ್ಚಿ ಮೂರು ವರ್ಷ. "ಅಕ್ಕಾರ, ನೀವು ಬರದಂಗ ಬುಡಕ್ಕ ಮುಚ್ಚಿಗಿ ಹಾಕಬೇಕಂತ ಮಾಡೇನಿ. ಕಾಡಾಗ ತರಗೆಲಿ ರಗಡ ಬಿದ್ದಾವ. ಜನವರಿಯೊಳಗ ನಾಕು ಆಳು ಹಚ್ಚಿ, ಟ್ರ್ಯಾಕ್ಟರ್ ತುಂಬ ಹೇರಿಕೊಂಡು ಬಂದ್ರ ನಡೀತದಲ್ರೀ?" ಅಂತ ಕೇಳಿದರು.

ಬ್ಯಾಡ್ರಿ ಅಂದೆ. ಅರಣ್ಯ ಇಲಾಖೆಯ ಕಾನೂನು ಬೇರೆ ಮಾತು, ನಾನು ಬೇಡ ಅಂದದ್ದು ಉಣ್ಣಿಗೆ ಹೆದರಿ. "ಉಣ್ಣಿ ಏನ್ ಹೊಸಾದ್ರೀ? ನಮ್ಮ ದನದ ಮೈಮ್ಯಾಲ ಯಾವಾಗಲೂ ಇರ್ತಾವ" ಅಂದರು ಅವರು. ಆ ಮಾತಿಗೆ ಫೋನಿನಲ್ಲಿ ಪೂರಾ ಉತ್ತರ ಕೊಡೋದು ಆಗಲಿಲ್ಲ. ಅದಕ್ಕೇ ಈ ವಾರ ಇದನ್ನೇ ಬರೆಯುತ್ತಿದ್ದೇನೆ. ಬೆಳೆ, ಮಣ್ಣು ಬಿಟ್ಟು ಇದೇನು ಜ್ವರದ ಕಥೆ ಅನ್ನಬೇಡಿ. ದನ, ಕಾಡು ಮತ್ತು ಮನುಷ್ಯನ ಕಾಯಿಲೆ ಒಂದಕ್ಕೊಂದು ಹೇಗೆ ಹೆಣೆದುಕೊಂಡಿರುತ್ತವೆ ಅನ್ನೋದಕ್ಕೆ ವಿಜ್ಞಾನಿಗಳು ಇವತ್ತಿಗೂ ಕೊಡುವ ದೊಡ್ಡ ಉದಾಹರಣೆಗಳಲ್ಲೊಂದು ಹುಬ್ಬಳ್ಳಿಯಿಂದ ಅರ್ಧ ದಿನದ ದಾರಿಯಲ್ಲಿರುವ ಸೊರಬ ತಾಲೂಕಿನದು.

ಕ್ಯಾಸನೂರಿನಲ್ಲಿ ಮಂಗ ಸತ್ತಾಗ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಕೆಂಪು ಮಂಗವೂ ಸತ್ತಿತು, ನಾವು ಮುಸಿಯ ಅನ್ನುವ ಕರಿ ಮೋರೆಯದೂ ಸತ್ತಿತು. ಅದೇ ಹೊತ್ತಿಗೆ ಕಾಡಿಗೆ ಕಟ್ಟಿಗೆಗೆ, ಸೊಪ್ಪಿಗೆ, ದನ ಮೇಯಿಸಲಿಕ್ಕೆ ಹೋಗುತ್ತಿದ್ದ ಜನರಿಗೂ ಜ್ವರ ಬಂತು. ಮನುಷ್ಯರ ಜ್ವರ ಮೊದಲು ಟೈಫಾಯಿಡ್ ಲೆಕ್ಕಕ್ಕೆ ಬಿತ್ತು. ಮಂಗ ಸತ್ತದ್ದನ್ನೂ ಮನುಷ್ಯ ಮಲಗಿದ್ದನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದಾಗ ಮಾತ್ರ ಸಂಶಯ ಹುಟ್ಟಿತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ ಹೀಗೇ ಮಂಗಗಳು ಸಾಯುತ್ತಿದ್ದವು. ಅದು ನಮ್ಮ ದೇಶಕ್ಕೂ ಕಾಲಿಟ್ಟಿತೇನೋ ಅನ್ನುವ ಭಯ ಎದ್ದಿತು.

ಆಗ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಇತ್ತು. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ ಕೇಂದ್ರ ಅದು. ಈಗ ಅದನ್ನೇ ರಾಷ್ಟ್ರೀಯ ವೈರಾಣು ಸಂಸ್ಥೆ ಅನ್ನುತ್ತೇವೆ. ಅಲ್ಲಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮುಂತಾದವರ ತಂಡ ಮಲೆನಾಡಿಗೆ ಬಂತು. ಪರೀಕ್ಷೆ ಮಾಡಿದರೆ ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಒಂದು ಮೆದುಳು ಜ್ವರದ ವೈರಸ್ಸಿನ ದಾಯಾದಿ ಅದು, ಆದರೆ ಹೊಸದು. ಕಾಡಿನ ಹೆಸರನ್ನೇ ಇಟ್ಟು ಕ್ಯಾಸನೂರು ಕಾಡಿನ ಕಾಯಿಲೆ ಅಂದರು. ಊರವರು ಮಂಗನ ಕಾಯಿಲೆ ಅಂದರು. ಅದನ್ನು ಹೊತ್ತು ತಿರುಗುವುದು ಹಿಮಾಫೈಸಾಲಿಸ್ ಅನ್ನುವ ಜಾತಿಯ ಕಾಡುಣ್ಣಿ.

ನನಗೆ ಈ ಕಥೆಯಲ್ಲಿ ಹೆಚ್ಚು ರುಚಿಸುವುದು ಇದರ ನಂತರದ್ದು. ವೈರಸ್ ಸಿಕ್ಕಿತು ಅಂತ ಡಾಕ್ಟರುಗಳು ಪೆಟ್ಟಿಗೆ ಕಟ್ಟಿಕೊಂಡು ಹೋಗಲಿಲ್ಲ. ಉಣ್ಣಿ ತಜ್ಞರು ನೆಲದ ಮೇಲೆ ಬಟ್ಟೆ ಎಳೆದು ಉಣ್ಣಿ ಎಣಿಸಿದರು. ಇಲಿ, ಮೂಗಿಲಿ ಹಿಡಿದು ರಕ್ತ ನೋಡಿದರು. ರಷ್ಯಾದ ವೈರಸ್ಸಿನ ದಾಯಾದಿ ಅಂದ ಮೇಲೆ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳೇ ತಂದಿರಬೇಕು ಅನ್ನುವ ವಾದವೂ ಎದ್ದಿತು. ಅದನ್ನು ಪರೀಕ್ಷಿಸಲು ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು. ಹಕ್ಕಿ ತಂದದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆ ಬಗ್ಗೆ ಇವತ್ತು ಗೊತ್ತಿರುವ ಎಷ್ಟೋ ಸಂಗತಿ ಹೊರಬಂದದ್ದು ಒಂದು ಜ್ವರದ ಹಿಂದೆ ಬಿದ್ದದ್ದರಿಂದ.

ಹೊರಗಿನಿಂದ ಬರದಿದ್ದರೆ ಮತ್ತೆ ಎಲ್ಲಿಂದ ಬಂತು? ಕೊಲಂಬಿಯಾದ ವಿಜ್ಞಾನಿ ಹೋರ್ಗೆ ಬೋಷೆಲ್ 1969ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ಒಂದು ಉತ್ತರ ಇದೆ, ಅದು ರೈತರಾದ ನಾವು ಕೇಳಬೇಕಾದ ಉತ್ತರ. ವೈರಸ್ ಆ ಕಾಡಿನೊಳಗೆ ಮೊದಲೇ ಇತ್ತು, ಇಲಿ ಮತ್ತು ಉಣ್ಣಿಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿತ್ತು. ಜನ ಹೆಚ್ಚಾದರು, ಕಣಿವೆಯ ಗದ್ದೆಗಳು ಕಾಡಿನೊಳಗೆ ಚಾಚಿದವು, ಗದ್ದೆ ಹಿಂದೆ ದನಗಳು ಕಾಡಿಗೆ ನುಗ್ಗಿದವು. ದನಗಳಿಂದ ಉಣ್ಣಿಗೆ ಊಟ ಸಿಕ್ಕಿತು, ಅವು ಹೆಚ್ಚಿದವು.

ಉಣ್ಣಿಯ ಮೂರು ಊಟ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಲಘಟಗಿಯ ಆ ರೈತರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕಾಡುಣ್ಣಿ ತನ್ನ ಆಯುಷ್ಯದಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ, ಮೂರೂ ಸಲ ಬೇರೆ ಬೇರೆ ಪ್ರಾಣಿಯ ಮೇಲೆ. ಮೊಟ್ಟೆಯಿಂದ ಹೊರಬಿದ್ದ ಮರಿ ಮಳೆಗಾಲ ಮುಗಿದ ಮೇಲೆ ಇಲಿ, ಹಕ್ಕಿಯಂಥ ಸಣ್ಣ ಜೀವ ಹುಡುಕುತ್ತದೆ. ಕುಡಿದು, ಕೆಳಗೆ ಬಿದ್ದು, ತೊಗಲು ಕಳಚಿ ಎಳೆ ಉಣ್ಣಿ ಆಗುತ್ತದೆ. ಈ ಎಳೆ ಉಣ್ಣಿಯೇ ಅಪಾಯದ್ದು. ಗಸಗಸೆ ಕಾಳಿನಷ್ಟು ಸಣ್ಣದು, ಕಣ್ಣಿಗೆ ಬೀಳುವುದಿಲ್ಲ, ಕಚ್ಚಿದ್ದು ಗೊತ್ತಾಗುವುದಿಲ್ಲ. ತರಗೆಲೆಯೊಳಗೆ ಕೂತಿರುತ್ತದೆ. ಮಂಗ ಕೆಳಗಿಳಿದರೆ ಮಂಗಕ್ಕೆ, ಮನುಷ್ಯ ಕೈ ಹಾಕಿದರೆ ಮನುಷ್ಯನಿಗೆ ಹತ್ತುತ್ತದೆ. ಇದರ ಕಾಲ ನವೆಂಬರಿನಿಂದ ಮೇ ತನಕ, ಅಂದರೆ ನಾವು ಸುಗ್ಗಿ ಮುಗಿಸಿ ಕಾಡಿನ ಕಡೆ ಮುಖ ಮಾಡುವ ಕಾಲವೇ. ಕೊನೆಗೆ ಬೆಳೆದ ದೊಡ್ಡ ಉಣ್ಣಿಗೆ ದೊಡ್ಡ ಮೈ ಬೇಕು. ಹಿಂದೆ ಅದಕ್ಕೆ ಕಾಡಿನ ದೊಡ್ಡ ಪ್ರಾಣಿಗಳಷ್ಟೇ ಇದ್ದವು. ಈಗ ನಮ್ಮ ದನ ಇವೆ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣುಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ.

ದನಕ್ಕೆ ಮಂಗನ ಕಾಯಿಲೆ ಬರುವುದಿಲ್ಲ. ಅದರ ರಕ್ತದಲ್ಲಿ ಬೇರೆ ಉಣ್ಣಿಗೆ ಹತ್ತುವಷ್ಟು ವೈರಸ್ ಬೆಳೆಯುವುದೂ ಇಲ್ಲ. ನೋಡಲಿಕ್ಕೆ ಗಟ್ಟಿಮುಟ್ಟಾಗಿ ಇರುತ್ತದೆ, ಹಾಲು ಕೊಡುತ್ತದೆ. ಪಶು ಡಾಕ್ಟರ ಲೆಕ್ಕದಲ್ಲಿ ಅದು ಆರೋಗ್ಯದ ದನ. ಆದರೂ ಈ ಸರಪಳಿಯಲ್ಲಿ ದೊಡ್ಡ ಕೊಂಡಿ ಅದೇ. ಮನುಷ್ಯರ ಡಾಕ್ಟರು ದನ ನೋಡುವುದಿಲ್ಲ, ದನದ ಡಾಕ್ಟರು ಕಾಡು ನೋಡುವುದಿಲ್ಲ, ಅರಣ್ಯದವರಿಗೆ ಜ್ವರದ ಲೆಕ್ಕ ಬೇಕಿಲ್ಲ. ಮೂವರೂ ಒಂದೇ ಕಡೆ ಕೂತರೆ ಮಾತ್ರ ಇಂಥದ್ದು ಕಾಣುತ್ತದೆ. ಇದಕ್ಕೇ ಈಗ ಒನ್ ಹೆಲ್ತ್, ಕನ್ನಡದಲ್ಲಿ ಏಕ ಆರೋಗ್ಯ, ಅಂತ ಹೆಸರು ಕೊಟ್ಟಿದ್ದಾರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಏಕ ಆರೋಗ್ಯ ಮಿಷನ್ ಕೂಡ ಬಂದಿದೆ. ಹೆಸರು ಹೊಸದು. ಕೆಲಸ ಮಾತ್ರ ಸೊರಬದಲ್ಲಿ ಅರವತ್ತು ವರ್ಷದ ಹಿಂದೆಯೇ ಶುರುವಾಗಿತ್ತು.

ಇನ್ನು ಅವರ ಮಾತಿಗೆ ಬರೋಣ. ದನದ ಮೈಮೇಲೆ ಯಾವಾಗಲೂ ಇರುವ ಉಣ್ಣಿಯೂ ಕಾಡಿನ ತರಗೆಲೆಯ ಉಣ್ಣಿಯೂ ಸಾಮಾನ್ಯವಾಗಿ ಒಂದೇ ಜಾತಿಯಲ್ಲ. ಬಯಲುಸೀಮೆಯ ಕೊಟ್ಟಿಗೆಯಲ್ಲಿ ದನಕ್ಕೆ ಹತ್ತುವ ಉಣ್ಣಿಗಳು ದನಕ್ಕೇ ಥೈಲೇರಿಯಾ, ಬೇಬಿಸಿಯಾದಂಥ ಜ್ವರ ತರುತ್ತವೆ. ಮಂಗನ ಕಾಯಿಲೆ ಬಹುಕಾಲದಿಂದ ಕಾಣಿಸಿಕೊಳ್ಳುತ್ತಾ ಬಂದ ಐದು ಜಿಲ್ಲೆಗಳೆಂದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ. ಧಾರವಾಡ ಅದರಲ್ಲಿ ಇಲ್ಲ. ಆದರೆ ಕಲಘಟಗಿಯ ಕಾಡು ಯಲ್ಲಾಪುರ, ಮುಂಡಗೋಡದ ಕಾಡಿಗೆ ಹತ್ತಿಕೊಂಡೇ ಇದೆ, ಅಳ್ನಾವರದ್ದು ಹಳಿಯಾಳಕ್ಕೆ. ಉಣ್ಣಿಗೂ ಮಂಗಕ್ಕೂ ಜಿಲ್ಲೆಯ ಗಡಿ ಕಲ್ಲು ಓದಲು ಬರುವುದಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಮಂಗಗಳಲ್ಲಿ ಸಿಕ್ಕಿತು, ನಂತರ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಹೋಯಿತು.

ಗೋವಾದ ಸಂಗತಿ ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು. 2016ರಲ್ಲಿ ಅಲ್ಲಿನ ಗೇರು ತೋಟದ ಕೆಲಸಕ್ಕೆ ಹೋಗಿದ್ದ ಬೆಳಗಾವಿ ಜಿಲ್ಲೆಯ ಕೂಲಿಕಾರರಿಗೆ ಈ ಕಾಯಿಲೆ ಬಂದದ್ದನ್ನು ಪುಣೆಯ ಸಂಸ್ಥೆಯವರು ದಾಖಲಿಸಿದ್ದಾರೆ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳಿಂದಲೂ ಗೋವಾಕ್ಕೆ, ಘಟ್ಟದ ಅಡಕೆ ತೋಟಕ್ಕೆ ದುಡಿಯಲು ಹೋಗುತ್ತಾರೆ. ಊರಿಗೆ ವಾಪಸ್ ಬಂದ ಮೇಲೆ ಜ್ವರ ಹತ್ತಿದರೆ ಇಲ್ಲಿನ ಡಾಕ್ಟರಿಗೆ ಮಂಗನ ಕಾಯಿಲೆ ನೆನಪಾಗುವುದಾದರೂ ಹೇಗೆ, ಎಲ್ಲಿಗೆ ಹೋಗಿದ್ದೆ ಅಂತ ನಾವೇ ಹೇಳದಿದ್ದರೆ?

ಕಾಡು ಕಡಿದಲ್ಲಿ, ದನ ಬಿಟ್ಟಲ್ಲಿ

1982–83ರ ಒಂದು ಘಟನೆ ಹೇಳದೆ ಮುಂದೆ ಹೋಗಲಾರೆ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ಪಟ್ರಮೆ ಬಳಿ ಗೇರು ಬೆಳೆಸಲೆಂದು ದಟ್ಟ ಕಾಡು ಕಡಿದರು. ಕಡಿಯುವ ಕೆಲಸಕ್ಕೆ ಹೋದ ಕೂಲಿಕಾರರಿಂದಲೇ ಜ್ವರ ಶುರುವಾಯಿತು. ಆ ಒಂದು ಹಂಗಾಮಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಗೇರು ಒಳ್ಳೆಯ ಬೆಳೆ, ತೋಟಗಾರಿಕೆ ಓದಿದವಳಾಗಿ ನಾನೇ ಎಷ್ಟೋ ಜನಕ್ಕೆ ಹಚ್ಚಿರಿ ಅಂದಿದ್ದೇನೆ. ತೋಟಗಾರಿಕೆ ಪದವಿಯ ನಾಲ್ಕು ವರ್ಷದಲ್ಲಿ ಗೇರಿನ ಪಾಠದೊಳಗೆ ಪಟ್ರಮೆಯ ಹೆಸರು ಒಂದು ಸಲವೂ ಬರಲಿಲ್ಲ ಅನ್ನೋದು ಈಗ ವಿಚಿತ್ರ ಅನಿಸುತ್ತದೆ.

2018ರಿಂದ ಮಂಕಿ ಫೀವರ್ ರಿಸ್ಕ್ ಅನ್ನುವ ಹೆಸರಿನಲ್ಲಿ ಇನ್ನೊಂದು ದೊಡ್ಡ ಅಧ್ಯಯನ ನಡೆಯಿತು. ಬ್ರಿಟನ್ನಿನ ಪರಿಸರ ವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಯಲಹಂಕದ ಪಶುರೋಗ ಸಂಸ್ಥೆ ನಿವೇದಿ, ಎಲ್ಲ ಅದರಲ್ಲಿ ಇದ್ದವು. ಕಾಯಿಲೆ ಬಂದ ಊರುಗಳ ನಕಾಶೆಯ ಮೇಲೆ ಕಾಡು ಎಷ್ಟು, ಯಾವ ತರದ್ದು, ತೋಟ ಎಷ್ಟು, ದನ ಎಷ್ಟು ಅಂತ ಕೂಡಿಸಿ ನೋಡಿದರು. ಹಸಿ ಕಾಡು ಮತ್ತು ತೋಟ ಒಂದರೊಳಗೊಂದು ಸೇರಿಕೊಂಡಿರುವ ಕಡೆ, ಜೊತೆಗೆ ನಾಡ ತಳಿಯ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು ಅಂತ ಕಂಡಿತು. ಜವಾರಿ ಆಕಳು ಸಾಕಿ, ಸಿಕ್ಕಸಿಕ್ಕವರಿಗೆ ಜವಾರಿ ಸಾಕಿರಿ ಅನ್ನುವ ನನಗೆ ಇದನ್ನು ಓದುವಾಗ ಸ್ವಲ್ಪ ಇರುಸುಮುರುಸಾಯಿತು. ಆದರೆ ತಪ್ಪು ಆಕಳಿನದಲ್ಲ. ಮಿಶ್ರತಳಿ ಆಕಳನ್ನು ಮಂದಿ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುತ್ತಾರೆ, ಜವಾರಿಯನ್ನು ಕಾಡಿಗೆ ಬಿಡುತ್ತಾರೆ. ಕಾಡಂಚಿನವರು ಚಳಿಗಾಲದಿಂದ ಮೊದಲ ಮಳೆ ತನಕವಾದರೂ ಜವಾರಿಗೂ ಕಟ್ಟಿ ಮೇವು ಹಾಕುವುದು ಹೇಗೆ ಅಂತ ಯೋಚಿಸಬೇಕು. ಕಲಘಟಗಿಯಲ್ಲಿ ಗೋವಿನಜೋಳದ ಕಣಿಕೆ ಸುಡುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದೇ ಮೇವು, ಅದೇ ಮುಚ್ಚಿಗೆ.

ಹಾಂ, ಮುಚ್ಚಿಗೆ. ನವೆಂಬರಿನಿಂದ ಮೇ ತನಕ ಕಾಡಿನ ತರಗೆಲೆ ಬಳಿಯಲು ಹೋಗಬೇಡಿ, ಆಳುಗಳನ್ನೂ ಕಳಿಸಬೇಡಿ. ಘಟ್ಟದ ಮೇಲಿನವರು ದರಕು ಅನ್ನುವ ಈ ಎಲೆ ಗುಡಿಸುವ ಕೆಲಸ ಮಂಗನ ಕಾಯಿಲೆ ಹತ್ತುವ ಮುಖ್ಯ ದಾರಿಗಳಲ್ಲಿ ಒಂದು. ನೆಲಕ್ಕೆ ಬಗ್ಗಿ, ಬರಿಗೈಯಲ್ಲಿ ತಬ್ಬಿ ಎತ್ತುವ ಕೆಲಸ ಅದು, ಹೆಚ್ಚಾಗಿ ಹೆಣ್ಣುಮಕ್ಕಳು ಮಾಡುವ ಕೆಲಸ. ಮುಚ್ಚಿಗೆಗೆ ಹೊಲದಲ್ಲೇ ಸಿಗುವುದು ಸಾಕಷ್ಟಿದೆ. ಗೋವಿನಜೋಳದ ಕಣಿಕೆ ಕತ್ತರಿಸಿ ಹಾಕಿ, ಕಬ್ಬಿನ ರವದಿ ಹಾಕಿ, ಕಡಲೆ ಹೊಟ್ಟು, ಶೇಂಗಾ ಹೊಟ್ಟು ಇದ್ದರೆ ಇನ್ನೂ ಒಳ್ಳೆಯದು. ಬದುವಿನ ಮೇಲೆ ಗ್ಲಿರಿಸಿಡಿಯಾ ಹಚ್ಚಿದರೆ ಎರಡನೇ ವರ್ಷದಿಂದ ಸೊಪ್ಪು ಕಡಿಯಬಹುದು.

ಕಾಡಿಗೆ ಹೋಗಲೇಬೇಕಾದವರು ಮೈ ತುಂಬ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಉಣ್ಣಿ ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಕಾಯಿಲೆ ಇರುವ ತಾಲೂಕುಗಳಲ್ಲಿ ಆರೋಗ್ಯ ಇಲಾಖೆ ಅದನ್ನು ಹಂಚುತ್ತದೆ. ಬಂದ ಕೂಡಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಿ. ದನದ ಉಣ್ಣಿಯನ್ನು ಉಗುರಿನಲ್ಲಿ ಒತ್ತಿ ಸಾಯಿಸುವ ರೂಢಿ ಬಿಡಿ. ಕಿತ್ತು ಸಾಬೂನು ನೀರಿಗೋ ಸೀಮೆಎಣ್ಣೆಗೋ ಹಾಕಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ. ನಮ್ಮ ಕಡೆ ಮಂಗ ಸತ್ತರೆ ಹನುಮಪ್ಪ ಅಂತ ಹಾರ ಹಾಕಿ, ಹೊತ್ತು ಮೆರವಣಿಗೆ ಮಾಡಿ ಮಣ್ಣು ಮಾಡುವವರಿದ್ದಾರೆ. ಆ ಭಕ್ತಿಗೆ ನನ್ನದೇನೂ ತಕರಾರಿಲ್ಲ. ಆದರೆ ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣ್ಣಿಗಳು ಕೆಳಗಿಳಿದು ಮುಂದಿನ ಮೈ ಹುಡುಕುತ್ತವೆ. ಮೊದಲು ಪಂಚಾಯಿತಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಶು ಆಸ್ಪತ್ರೆಗೆ, ಅರಣ್ಯದವರಿಗೆ ಹೇಳಿ. ಕಾಯಿಲೆ ಇರುವ ಕಡೆ ಮಂಗ ಸತ್ತ ಜಾಗದ ಸುತ್ತ ಉಣ್ಣಿ ಸಾಯಿಸುವ ಪುಡಿ ಹಾಕುತ್ತಾರೆ, ಮಂಗದ ಮಾದರಿ ಪರೀಕ್ಷೆಗೆ ಹೋಗುತ್ತದೆ. ಮನುಷ್ಯರಿಗೆ ಜ್ವರ ಬರುವ ಮೊದಲೇ ಸುದ್ದಿ ಕೊಡುವುದು ಮಂಗನ ಸಾವು. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಸಾಲುಸಾಲಾಗಿ ಮಲಗಿದ ಮೇಲೆ ಇಡೀ ರಾಜ್ಯಕ್ಕೆ ಈ ಪಾಠ ಮತ್ತೊಮ್ಮೆ ನೆನಪಾಯಿತು.

ಈ ಕಾಯಿಲೆಗೇ ಅಂತ ಔಷಧ ಇಲ್ಲ. ಜ್ವರ ಇಳಿಸಿ, ನೀರಿನಂಶ ಕಾಪಾಡಿ, ರಕ್ತಸ್ರಾವ ಆದರೆ ನೋಡಿಕೊಂಡು, ಹೊತ್ತು ಮೀರದಂತೆ ಆರೈಕೆ ಮಾಡುವುದೇ ಚಿಕಿತ್ಸೆ. ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಮೊದಲು ಕೊಡುತ್ತಿದ್ದ ಲಸಿಕೆ ಪರಿಣಾಮ ಸಾಲದೆಂದು ನಿಂತಿದೆ, ಹೊಸ ಲಸಿಕೆಯ ಕೆಲಸ ನಡೆದಿದೆ. ಮನುಷ್ಯನಿಂದ ಮನುಷ್ಯನಿಗೆ ಹತ್ತುವುದಿಲ್ಲ, ಆದ್ದರಿಂದ ರೋಗಿಯನ್ನು ದೂರ ಇಡಬೇಕಿಲ್ಲ.

ಕಾಡಿಲ್ಲದ ಕಡೆಯ ಕಥೆ

ನವಲಗುಂದ, ಅಣ್ಣಿಗೇರಿ, ಕುಂದಗೋಳದವರು ಇಷ್ಟೊತ್ತಿಗೆ "ನಮ್ಮದು ಎರಿ ಭೂಮಿ, ಕಾಡೂ ಇಲ್ಲ ದರಕೂ ಇಲ್ಲ" ಅಂತ ಓದುವುದು ಬಿಡುವ ಹಂತಕ್ಕೆ ಬಂದಿರಬಹುದು. ಬಿಡಬೇಡಿ. ನಿಮ್ಮ ಕೊಟ್ಟಿಗೆಯಲ್ಲೇ ಇಂಥ ಇನ್ನೊಂದು ಸರಪಳಿ ಇದೆ, ನನ್ನ ಪ್ರಕಾರ ನಮ್ಮ ಜಿಲ್ಲೆಗೆ ಮಂಗನ ಕಾಯಿಲೆಗಿಂತ ಅದರ ಚಿಂತೆ ಹೆಚ್ಚಿರಬೇಕು.

ಕುಂದಗೋಳ ಕಡೆ ನಮ್ಮ ಪರಿಚಯದ ಕಾಕಾ ಒಬ್ಬರಿಗೆ ಜ್ವರ ಬಂತು. ಹಗಲು ಇಳಿಯುತ್ತಿತ್ತು, ಸಂಜೆ ಏರುತ್ತಿತ್ತು, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಸೊಂಟ ಹಿಡಿದು ಕೂತವರು ಏಳುತ್ತಿರಲಿಲ್ಲ. ಟೈಫಾಯಿಡ್ ಅಂತ ಎರಡು ಸಲ ಔಷಧ ಆಯಿತು. ಎರಡೂ ಸಲ ವಾರ ಬಿಟ್ಟು ಜ್ವರ ತಿರುಗಿ ಬಂತು. ನೋಡಲು ಹೋದಾಗ ಕೊಟ್ಟಿಗೆಯಲ್ಲಿ ಹಾಲಿಲ್ಲದೆ ನಿಂತ ಆಕಳನ್ನು ಕಂಡು ಕೇಳಿದೆ. ದೀಪಾವಳಿ ಮುಂದ ಏಳು ತಿಂಗಳಿಗೆ ಕಂದು ಹಾಕಿತು, ಕಸ ಬೀಳಲಿಲ್ಲ, ತಾವೇ ಕೈ ಹಾಕಿ ತೆಗೆದೆ ಅಂದರು. "ಜ್ವರ ನನಗ ಬಂದಾವ, ನೀ ಆಕಳದ ಯಾಕ ಕೇಳ್ತೀಯವ್ವಾ?" ಅಂತ ನಕ್ಕರು. ಅದನ್ನೇ ಡಾಕ್ಟರಿಗೆ ಹೇಳ್ರಿ ಕಾಕಾ ಅಂದೆ. ಹೇಳಿದರು. ರಕ್ತ ಬೇರೆ ಪರೀಕ್ಷೆಗೆ ಹೋಯಿತು. ಬ್ರುಸೆಲ್ಲಾ ಅಂತ ಬಂತು.

ಕಂದು ಹಾಕುವ ರೋಗ ಅಂತ ನಾವು ಕರೆಯುವ ಬ್ರುಸೆಲ್ಲೋಸಿಸ್ ಆಕಳು, ಎಮ್ಮೆ, ಕುರಿ, ಆಡು ಎಲ್ಲಕ್ಕೂ ಬರುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತವೆ. ಒಂದು ಸಲ ಹಾಕಿದ ಆಕಳು ಮುಂದಿನ ಸಲ ನೆಟ್ಟಗೆ ಈಯಬಹುದು. ಮಂದಿ ಅದನ್ನು ಗುಣವಾಯಿತು ಅಂತ ತಿಳಿಯುತ್ತಾರೆ. ರೋಗಾಣು ಮಾತ್ರ ಹಾಲಿನಲ್ಲಿ, ಈದಾಗಿನ ನೀರಿನಲ್ಲಿ, ಕಸದಲ್ಲಿ ಹೊರಬರುತ್ತಲೇ ಇರುತ್ತದೆ. ಮನುಷ್ಯನಿಗೆ ಅದು ಕೈಯ ಗಾಯದಿಂದ, ಹಸಿ ಹಾಲಿನಿಂದ, ಕೆಲವೊಮ್ಮೆ ಉಸಿರಿನಿಂದಲೂ ಹೋಗುತ್ತದೆ. ಕುರಿ, ಆಡಿನಿಂದ ಬರುವ ಜಾತಿ ಮನುಷ್ಯನನ್ನು ಹೆಚ್ಚು ಕಾಡುತ್ತದೆ. ನಮ್ಮ ಎರೆ ಹೊಲಗಳಿಗೆ ಸುಗ್ಗಿ ಮುಗಿದ ಮೇಲೆ ಕುರಿ ನಿಲ್ಲಿಸುತ್ತೇವಲ್ಲ, ಆ ಕುರಿಗಾರರ ಮನೆಯವರು ಇದಕ್ಕೆ ಎಲ್ಲರಿಗಿಂತ ಮುಂದೆ ನಿಂತಿರುತ್ತಾರೆ. ಹಿಂಡಿನ ನಡುವೆಯೇ ಉಣ್ಣುವುದು, ಮಲಗುವುದು, ಈಯಿಸುವುದು.

ಇದರ ಗುಟ್ಟು ಒಡೆದ ಕಥೆಯೂ ಸೊರಬದಂಥದ್ದೇ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳು ತಿಂಗಳುಗಟ್ಟಲೆ ಜ್ವರದಲ್ಲಿ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ರೋಗಾಣುವನ್ನು ಕಂಡುಹಿಡಿದ. ಆದರೂ ಅದು ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಮುಂದೆ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೊಕ್ಲಿಸ್ ಝಮಿತ್ ಆಡುಗಳ ರಕ್ತ ಪರೀಕ್ಷಿಸಿದ. ಚೆನ್ನಾಗಿಯೇ ಕಾಣುತ್ತಿದ್ದ ಆಡುಗಳಲ್ಲಿ ರೋಗಾಣು ಇತ್ತು. ಸೈನ್ಯಕ್ಕೆ ಆಡಿನ ಹಾಲು ನಿಲ್ಲಿಸಿದರು, ಸಿಪಾಯಿಗಳ ಜ್ವರ ಬಿಟ್ಟಿತು. ಊರ ಜನಕ್ಕೆ ಹಾಲು ನಿಲ್ಲಿಸುವವರು ಯಾರೂ ಇರಲಿಲ್ಲ, ಅವರಿಗೆ ಜ್ವರ ಬರುತ್ತಲೇ ಇತ್ತು.

ಸಾವಯವ ಮಾಡುವ ನಮ್ಮಂಥವರಿಗೆ ಇದರಲ್ಲಿ ಬೇರೆಯೇ ಮಾತಿದೆ. ಜೀವಾಮೃತ ಕೈಯಲ್ಲೇ ಕಲಸುತ್ತೇವೆ, ಪಂಚಗವ್ಯಕ್ಕೆ ಹಸಿ ಹಾಲು ಹಾಕುತ್ತೇವೆ, ಗಂಜಲ ಹಿಡಿಯುತ್ತೇವೆ. ಇದನ್ನೆಲ್ಲ ಬಿಡಿ ಅಂತ ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಕಂದು ಹಾಕಿದ ಆಕಳಿನ ಸಗಣಿ, ಗಂಜಲ, ಹಾಲನ್ನು ಪರೀಕ್ಷೆ ಆಗುವ ತನಕ ಇವಕ್ಕೆ ಬಳಸಬೇಡಿ, ಕಲಸುವಾಗ ಕೋಲು, ಕೈಗವಸು ಇರಲಿ. ಆ ಕೊಟ್ಟಿಗೆಯ ಗೊಬ್ಬರವನ್ನು ಹಸಿದೇ ಹೊಲಕ್ಕೆ ಹಾಕಬೇಡಿ, ತಿಪ್ಪೆಯಲ್ಲಿ ಒಟ್ಟಿ, ಕಾವೇರಿಸಿ, ಚೆನ್ನಾಗಿ ಕೊಳೆತ ಮೇಲೆ ತೆಗೆಯಿರಿ. ತಂಪು, ಹಸಿ ಇರುವ ಕಡೆ ಈ ರೋಗಾಣು ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಬಲ್ಲದು. ಹಾಲನ್ನು ಕುದಿ ಬರುವಂತೆ ಕಾಸಿದರೆ ಸಾಯುತ್ತದೆ. "ಹಸಿ ಹಾಲಿನಾಗ ಶಕ್ತಿ ಐತಿ" ಅನ್ನುವವರ ಮಾತನ್ನು ಹಿರಿಯರದು ಅಂತ ಕೇಳಿರಿ, ಹಾಲು ಕಾಸಿಯೇ ಕುಡಿಯಿರಿ.

ಕಂದು ಹಾಕಿದ ದಿನ ಮಾಡಬೇಕಾದ್ದು ಇಷ್ಟು. ಆ ಆಕಳನ್ನು ಬೇರೆ ಕಟ್ಟಿ. ಕಸ ಬೀಳದಿದ್ದರೆ ಬರಿಗೈ ಹಾಕಬೇಡಿ, ಪಶು ಡಾಕ್ಟರನ್ನು ಕರೆಸಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಚಾರಿ ವಾಹನದವರು ಸಿಗುತ್ತಾರೆ. ಬಿದ್ದ ಕಂದು, ಕಸವನ್ನು ನಾಯಿಗೆ ಹಾಕಬೇಡಿ, ಹಳ್ಳಕ್ಕೆ ಎಸೆಯಬೇಡಿ, ಮರಕ್ಕೆ ಕಟ್ಟಬೇಡಿ. ಆಳವಾಗಿ ತೆಗ್ಗು ತೆಗೆದು, ಸುಣ್ಣ ಹಾಕಿ ಹುಗಿಯಿರಿ. ಬಸುರಿ ಹೆಣ್ಣುಮಕ್ಕಳನ್ನು ಆ ಕೆಲಸಕ್ಕೆ ಹಚ್ಚಲೇಬೇಡಿ. ಆಕಳಿನ ರಕ್ತ ಪರೀಕ್ಷೆ ಮಾಡಿಸಿ.

ಇಲ್ಲಿಯೇ ಎಲ್ಲರೂ ತಡವರಿಸುವುದು. ಪರೀಕ್ಷೆಯಲ್ಲಿ ರೋಗ ಇದೆ ಅಂತ ಬಂದರೆ ಆಕಳನ್ನು ಏನು ಮಾಡುವುದು? ಆಕಳಿಗೆ ಗುಣವಾಗುವ ಔಷಧ ಇಲ್ಲ, ಪರಿಹಾರವಾಗಿ ರೈತನ ಕೈಗೆ ದುಡ್ಡೂ ಬರುವುದಿಲ್ಲ. ಹಾಗಾಗಿ ಎಷ್ಟೋ ಮಂದಿ ಪರೀಕ್ಷೆ ಮಾಡಿಸದೆ ಸಂತೆಗೆ ಹೊಡೆದುಬಿಡುತ್ತಾರೆ. ಅದು ಮುಂದಿನ ಊರಿನ ಇನ್ನೊಂದು ಕೊಟ್ಟಿಗೆಗೆ ಹೋಗುತ್ತದೆ, ಅಲ್ಲಿ ಇನ್ನೊಬ್ಬ ಕಾಕಾ ಕೈ ಹಾಕಿ ಕಸ ತೆಗೆಯುತ್ತಾರೆ. ರೈತನನ್ನಷ್ಟೇ ಬೈದು ಪ್ರಯೋಜನ ಇಲ್ಲ. ನಷ್ಟ ಪೂರಾ ಅವನ ತಲೆಗೆ ಹಾಕಿ, ಸುದ್ದಿ ಮಾತ್ರ ಪ್ರಾಮಾಣಿಕವಾಗಿ ಕೊಡು ಅಂದರೆ ಯಾರು ಕೊಟ್ಟಾರು? ಮಂಗನ ಕಾಯಿಲೆಯ ಅಧ್ಯಯನ ಮಾಡಿದವರೂ ಆರೋಗ್ಯ, ಪಶು, ಅರಣ್ಯ ಇಲಾಖೆಗಳ ನಡುವೆ ಸುದ್ದಿ ಸರಿಯಾಗಿ ಹರಿಯುವುದಿಲ್ಲ ಅಂತಲೇ ಬರೆದಿದ್ದಾರೆ. ಆ ಸುದ್ದಿ ಹುಟ್ಟುವುದು ನಮ್ಮ ಕೊಟ್ಟಿಗೆಯಲ್ಲಿ, ನಮ್ಮ ಹೊಲದ ಬದುವಿನಲ್ಲಿ. ಅದನ್ನು ಕೊಟ್ಟವನಿಗೆ ನಷ್ಟ ಆಗದಂತೆ ನೋಡಿಕೊಳ್ಳದೆ ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ಮಿಷನ್ ಮಾಡಿದರೆ ಅದು ಹಳ್ಳಿಗೆ ಇಳಿಯುವುದು ಕಷ್ಟ.

ನಮ್ಮ ಕೈಯಲ್ಲಿರುವುದು ಲಸಿಕೆ. 2019ರಿಂದ ಕೇಂದ್ರದ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆ ಜೊತೆಗೆ ಕಂದು ರೋಗಕ್ಕೂ ಪುಕ್ಕಟೆ ಲಸಿಕೆ ಇದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಆಯುಷ್ಯದಲ್ಲಿ ಒಂದೇ ಸಲ. ಗಂಡು ಕರುವಿಗೆ, ಗಬ್ಬದ ದನಕ್ಕೆ ಹಾಕುವುದಿಲ್ಲ. ಜೀವಂತ ರೋಗಾಣುವಿನ ಲಸಿಕೆ ಆದ್ದರಿಂದ ಅದನ್ನು ಇಲಾಖೆಯವರೇ ಹಾಕಬೇಕು, ಬಾಟಲಿ ತಂದು ನಾವೇ ಚುಚ್ಚುವುದಲ್ಲ. ಕರು ಹುಟ್ಟಿದ ದಿನ ಕ್ಯಾಲೆಂಡರ್ ಮೇಲೆ ಗುರುತು ಮಾಡಿ, ನಾಲ್ಕನೇ ತಿಂಗಳು ಬೀಳುತ್ತಲೇ ಪಶು ಆಸ್ಪತ್ರೆಗೆ ನೆನಪು ಮಾಡಿ. ಎಂಟು ದಾಟಿದರೆ ಅವಕಾಶ ಹೋಯಿತು.

ಇನ್ನು ಜ್ವರ ಬಂದು ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನಾಲ್ಕು ಮಾತು ಹೇಳಿ. ಮನೆಯಲ್ಲಿ ಏನೇನು ಸಾಕಿದ್ದೀರಿ, ಹಿಂದಿನ ಆರು ತಿಂಗಳಲ್ಲಿ ಯಾವುದಾದರೂ ಕಂದು ಹಾಕಿತೇ, ಹಸಿ ಹಾಲು ಕುಡಿದಿರೇ, ಹಿಂದಿನ ಎರಡು ವಾರದಲ್ಲಿ ಕಾಡಿಗೋ ಘಟ್ಟಕ್ಕೋ ಗೋವಾಕ್ಕೋ ಹೋಗಿದ್ದಿರೇ. ಬ್ರುಸೆಲ್ಲಾ ಆದರೆ ಮನುಷ್ಯನಿಗೆ ಔಷಧ ಇದೆ, ಆದರೆ ಎರಡು ಬಗೆಯ ಮಾತ್ರೆ ಆರು ವಾರ ತಪ್ಪದೆ ನುಂಗಬೇಕು. ಜ್ವರ ಬಿಟ್ಟಿತು ಅಂತ ಎರಡನೇ ವಾರಕ್ಕೆ ನಿಲ್ಲಿಸಿದರೆ ತಿರುಗಿ ಬರುತ್ತದೆ. ನಮ್ಮ ಕಾಕಾ ಆರು ವಾರ ಮುಗಿಸಿದರು. ಸೊಂಟ ಇನ್ನೂ ಪೂರಾ ಸಡಿಲಾಗಿಲ್ಲ, ಆದರೆ ಈ ಸಲ ಕಡಲೆ ಬಿತ್ತಿಗೆ ಕೂರಿಗೆ ಹಿಂದೆ ತಾವೇ ನಡೆದರು. ಆಕಳು ಬೇರೆ ಕೊಟ್ಟಿಗೆಯಲ್ಲಿದೆ, ಸಂತೆಗೆ ಹೋಗಿಲ್ಲ.

ಮುಂದಿನ ವಾರ ಬದುವಿನ ಮೇಲೆ ಗ್ಲಿರಿಸಿಡಿಯಾ ಹಚ್ಚುವ ಬಗ್ಗೆ, ಕಡ್ಡಿ ಕತ್ತರಿಸುವುದರಿಂದ ಹಿಡಿದು.